ಗಂಟೆ ಬಾರಿಸದ ಹೆಸರು

ಇದು 2004ರ ಅಕ್ಟೋಬರ್ ತಿಂಗಳಿನ ಮಾತು. ಆಗ ನಾವು ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್‌ನಲ್ಲಿದ್ದೆವು. ನನ್ನ ಗಂಡ ಸುಧಾಕರ್ ಅವರಿಗೆ ಒಂದು ಲ್ಯಾಬ್‌ನಲ್ಲಿ ಕೆಲಸ. ನಾನು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್‌ನಲ್ಲಿ ಫೋನ್ ತೆಗೆದುಕೊಂಡು ಅಪಾಯಿಂಟ್‌ಮೆಂಟ್ ಕೊಡುವವಳು. ಅಂದರೆ ಮಾತೇ ನನ್ನ ಹೊಟ್ಟೆಪಾಡು. ಕೆಲವು ಸಲ ಅದೇ ಮಾತು ನನ್ನನ್ನು ಸಿಕ್ಕಿಸಿಯೂ ಹಾಕುತ್ತದೆ. ಹಾಗೆ ಸಿಕ್ಕಿಬಿದ್ದು, ಒಂದು ಹಳೆಯ ಸ್ಮಶಾನದಲ್ಲಿ ಜೀವ ಬಾಯಿಗೆ ಬಂದು, ಕೊನೆಗೆ ಅಬ್ಬಾ ಎಂದು ಉಸಿರು ಬಿಟ್ಟ ಕತೆ ಇದು.

ನಮ್ಮ ಪಕ್ಕದ ಮನೆಯಲ್ಲಿ ಮಾರ್ಥಾ ಎನ್ನುವ ಹೆಂಗಸು ಒಬ್ಬರೇ ಇದ್ದರು. ಎಂಬತ್ತರ ಹತ್ತಿರದ ವಯಸ್ಸು. ಶಾಲೆಯ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾವು ಆ ಮನೆಗೆ ಬಂದ ಹೊಸತರಲ್ಲಿ ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಗಂಡನ ಹತ್ತಿರ ಕಲಿಯಲು ಹೋಗಿ, ಎರಡನೇ ದಿನವೇ ಜಗಳವಾಗಿ, ನಾನು ನಡುರಸ್ತೆಯಲ್ಲಿ ಇಳಿದು ನಡೆದುಕೊಂಡು ಮನೆಗೆ ಬಂದಿದ್ದೆ. ಅದನ್ನು ಕಿಟಕಿಯಿಂದ ನೋಡಿದ್ದ ಮಾರ್ಥಾ ಮರುದಿನ ಬಾಗಿಲು ತಟ್ಟಿದರು. “ಇದು ಗಂಡನಿಂದ ಕಲಿಯುವ ವಿದ್ಯೆಯಲ್ಲ, ಬಾ” ಎಂದು ತಮ್ಮ ಹಳೆಯ ಕಾರಿನ ಕೀಲಿಕೈ ನನ್ನ ಕೈಗಿಟ್ಟರು. ಅವರು ಆಡುತ್ತಿದ್ದುದು ಆ ಕಡೆಯ ಎಳೆದೆಳೆದು ಆಡುವ ಇಂಗ್ಲಿಷ್. ಆದರೆ ನನ್ನ ನೆನಪಿನಲ್ಲಿ ಅದು ಕನ್ನಡವಾಗಿಯೇ ಕೂತಿದೆ, ಹಾಗೆಯೇ ಬರೆಯುತ್ತೇನೆ.

ಆಮೇಲೆ ಅವರ ಕಣ್ಣು ಮಂಜಾಗುತ್ತ ಬಂತು. ಡ್ರೈವ್ ಮಾಡಕೂಡದೆಂದು ಡಾಕ್ಟರು ಹೇಳಿದ ಮೇಲೆ ನಾನೇ ಅವರ ಡ್ರೈವರ್. 2003ರ ಅಕ್ಟೋಬರ್‌ನಲ್ಲಿ ಮೊದಲ ಸಲ ಅವರನ್ನು ನಾರ್ತ್ ಕ್ಯಾರೊಲಿನಾದಲ್ಲಿರುವ ಅವರ ಹುಟ್ಟೂರಿಗೆ ಕರೆದುಕೊಂಡು ಹೋದೆ. ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದವರ ಊರು ಅದು. ಪ್ರತಿವರ್ಷ ಆ ತಿಂಗಳ ಒಂದು ಭಾನುವಾರ ಕುಟುಂಬದವರೆಲ್ಲ ಹಳೆಯ ಚರ್ಚಿನ ಅಂಗಳದಲ್ಲಿ ಸೇರುತ್ತಾರೆ. ಓಕ್ ಮರದ ಕೆಳಗೆ ಉದ್ದುದ್ದ ಟೇಬಲ್, ಅದರ ಮೇಲೆ ಹುರಿದ ಕೋಳಿ, ಕಾರ್ನ್‌ಬ್ರೆಡ್, ಹತ್ತಾರು ನಮೂನೆಯ ಸಿಹಿ. ನಾನು ಒಯ್ದಿದ್ದ ಚಕ್ಕುಲಿ ಎಲ್ಲಕ್ಕಿಂತ ಮೊದಲು ಖಾಲಿಯಾಯಿತೆಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಊಟಕ್ಕೆ ಮೊದಲು ಅವರದ್ದೊಂದು ಪದ್ಧತಿ. ಕುಟುಂಬದಲ್ಲಿ ತೀರಿಕೊಂಡವರ ಹೆಸರುಗಳನ್ನು ಮನೆತನದ ಹಿರಿಯರು ಮೊದಲಿನಿಂದ ಒಂದೊಂದಾಗಿ ಓದಬೇಕು. ಪ್ರತಿ ಹೆಸರಿಗೂ ಇನ್ನೊಬ್ಬರು ಕೈಗಂಟೆಯನ್ನು ಒಮ್ಮೆ ಬಾರಿಸುತ್ತಾರೆ. ಓದುವವರು ಮಾರ್ಥಾ. ಗಂಟೆ ಅವರ ಚಿಕ್ಕಪ್ಪನ ಮಗ ಹೆರಾಲ್ಡ್ ಅವರ ಕೈಯಲ್ಲಿ. ನನಗೆ ನಮ್ಮೂರಿನ ಅಗೆಲು ನೆನಪಾಯಿತು. ನಮ್ಮಲ್ಲೂ ಹಾಗೆಯೇ ಹೋದವರಿಗೆಲ್ಲ ಎಲೆ ಹಾಕಿ, ಹೆಸರು ಹೇಳಿ, ಬಡಿಸುತ್ತೇವಲ್ಲ.

ಮಾರ್ಥಾ ಓದಲು ನಿಂತರು. ಶುರು ಮಾಡುವ ಮೊದಲು ಸುಮ್ಮನೆ ನಿಂತುಬಿಟ್ಟರು. ಯಾರೂ ಕೆಮ್ಮಲಿಲ್ಲ, ಮಕ್ಕಳು ಕೂಡ ಅಲುಗಾಡಲಿಲ್ಲ. ಆಮೇಲೆ “ಕ್ಯಾಥರೀನ್” ಎಂದರು, ಗಂಟೆ ಹೊಡೆಯಿತು. ಅಲ್ಲಿಂದ ಮುಂದೆ ಸರಾಗವಾಗಿ ಹೋಯಿತು. ಕನ್ನಡಕ ಮರೆತಿದ್ದಾರೇನೋ ಎಂದುಕೊಂಡಿದ್ದೆ. ಊಟದ ಹೊತ್ತಿಗೆ ಹೆರಾಲ್ಡ್ ಹೇಳಿದರು, ಆ ಸುಮ್ಮನಿರುವಿಕೆ ಒಂದು ಹೆಸರಿನ ಜಾಗವಂತೆ.

ಕ್ಯಾಥರೀನಳ ಗಂಡ ಡಂಕನ್. ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಬಂದ ಮೂಲಪುರುಷ ಅವನೇ. ಮನೆತನದ ಹೆಸರು ಇಲ್ಲಿ ಬೇಡ, ಅವರನ್ನು ಕೇಳದೆ ಬರೆಯುವುದು ಸರಿಯಲ್ಲ. ಸುಮಾರು ಇನ್ನೂರು ವರ್ಷದ ಹಿಂದೆ ಡಂಕನ್ ಪೈನ್ ಮರದ ರಾಳವನ್ನು ತೆಪ್ಪದಲ್ಲಿ ಹೇರಿಕೊಂಡು ಬಂದರಿಗೆ ಮಾರಲು ಹೋದ. ಹೋದವನು ತಿರುಗಿ ಬರಲೇ ಇಲ್ಲ. ಹೆಂಡತಿ, ಏಳು ಮಕ್ಕಳು ಇಲ್ಲಿ. ಯಾವಳೋ ಒಬ್ಬಳ ಜೊತೆ ಹಡಗು ಹತ್ತಿದ ಎಂದು ಊರಿಗೆ ಊರೇ ಮಾತಾಡಿಕೊಂಡಿತು. ಅಂದಿನಿಂದ ಅವನ ಹೆಸರು ಓದುವುದಿಲ್ಲ, ಗಂಟೆ ಬಾರಿಸುವುದಿಲ್ಲ. ಚರ್ಚಿನ ಹಿಂದೆ ಕ್ಯಾಥರೀನಳ ಸಮಾಧಿ ಇದೆ. ಪಕ್ಕದಲ್ಲಿ ಒಬ್ಬರು ಮಲಗುವಷ್ಟು ಜಾಗ ಹಾಗೇ ಖಾಲಿ. ಹೆರಾಲ್ಡ್ ವರ್ಷಗಟ್ಟಲೆ ಜನಗಣತಿ, ಜಮೀನಿನ ಪತ್ರ, ಹಡಗಿನ ದಾಖಲೆ, ಸ್ಕಾಟ್ಲೆಂಡಿನ ಚರ್ಚುಗಳ ಪುಸ್ತಕ ಎಲ್ಲ ಜಾಲಾಡಿದ್ದರು. ಡಂಕನ್ ಎಲ್ಲೂ ಸಿಕ್ಕಿರಲಿಲ್ಲ.

ಇನ್ನೂರು ವರ್ಷದ ಹಿಂದೆ ಓಡಿಹೋದವನನ್ನು ಕಟ್ಟಿಕೊಂಡು ಈಗ ಏನಾಗಬೇಕು ಇವರಿಗೆ, ಎಂದು ನನಗೆ ನಗು ಬಂತು. ವಾಪಸು ಬರುವಾಗ ಕಾರಿನಲ್ಲಿ ಅದನ್ನು ಹೇಳಿಯೂಬಿಟ್ಟೆ. ಮಾರ್ಥಾ ಕಿಟಕಿಯ ಗಾಜು ಏರಿಸಿದರು.

“ನನಗೊಬ್ಬ ತಮ್ಮನಿದ್ದ, ಶಶಿ. ಜಿಮ್ಮಿ ಅಂತ” ಎಂದರು.

ಅವರ ಮನೆಯಲ್ಲಿ ಪಿಯಾನೋ ಮೇಲಿದ್ದ ಫೋಟೋದಲ್ಲಿ ಹಲ್ಲು ಕಿರಿಯುತ್ತಿದ್ದ ಹುಡುಗನನ್ನು ನಾನು ಕಂಡಿದ್ದೆ. ಯಾರೆಂದು ಕೇಳಿರಲಿಲ್ಲ. ಜಿಮ್ಮಿ ಹದಿಹರೆಯದಲ್ಲಿ ಅಪ್ಪನ ಜೊತೆ ಜಗಳವಾಡಿ ಬಸ್ಸು ಹತ್ತಿ ಪಶ್ಚಿಮದ ಕಡೆ ಹೋದನಂತೆ. ಕೆಲವು ವರ್ಷವಾದ ಮೇಲೆ ಮರದ ಮಿಲ್ಲಿನಲ್ಲಿ ಅಪಘಾತವಾಗಿ ತೀರಿಕೊಂಡನೆಂದು ಸುದ್ದಿ ಬಂತು. ಅಪ್ಪ ಒಂದು ಹನಿ ಕಣ್ಣೀರು ಹಾಕಲಿಲ್ಲ. “ಡಂಕನ್‌ನ ರಕ್ತ, ಡಂಕನ್ ಹಾಗೆಯೇ ಹೋಯಿತು” ಎಂದರಂತೆ. ಮನೆ ಬಿಟ್ಟು ಓಡಿಹೋದವರ ಹೆಸರು ಆ ಅಂಗಳದಲ್ಲಿ ಓದುವುದಿಲ್ಲ ಎನ್ನುವ ನಿಯಮ ಜಿಮ್ಮಿಗೂ ಬಿತ್ತು.

“ಪ್ರತಿ ವರ್ಷ ನಾನು ಓದೋದು. ನನ್ನ ತಮ್ಮನ ಹೆಸರನ್ನು ನಾನೇ ದಾಟಿಕೊಂಡು ಹೋಗೋದು” ಎಂದರು ಮಾರ್ಥಾ. “ಡಂಕನ್‌ದು ಸರಿಯಾಗದೆ ಜಿಮ್ಮಿದು ಸರಿಯಾಗಲ್ಲ. ನಾನು ಸಾಯೋದರೊಳಗೆ ಒಂದು ಸಲ ಅವನ ಹೆಸರು ಓದಬೇಕು ಅಂತ ಆಸೆ.”

ನಾನು ನಕ್ಕದ್ದಕ್ಕೆ ನನಗೇ ಕಪಾಳಕ್ಕೆ ಹೊಡೆದುಕೊಳ್ಳುವ ಹಾಗಾಯಿತು. ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು ಬಾಯಿಗೆ ಬಂದದ್ದನ್ನು ಕೇಳಿದೆ.

“ಮಾರ್ಥಾ, ಈ ಡಂಕನ್‌ಗೆ ಅಕ್ಕ, ತಂಗಿ ಯಾರೂ ಇರಲಿಲ್ಲವಾ?”

“ಇದ್ದಳಲ್ಲ, ತಂಗಿ. ಫ್ಲೋರಾ. ಇಬ್ಬರೂ ಒಂದೇ ಹಡಗಿನಲ್ಲಿ ಬಂದರು ಅಂತ ಅಜ್ಜಿ ಹೇಳ್ತಿದ್ದಳು. ಯಾಕೆ?”

“ಮತ್ತೆ ಅವನು ಅಲ್ಲಿಗೇ ಹೋಗಿರ್ತಾನೆ. ದಾರಿಯಲ್ಲಿ ಮೈಗೆ ಹುಷಾರು ತಪ್ಪಿದ್ರೆ ಗಂಡಸು ಇನ್ನೆಲ್ಲಿಗೆ ಹೋಗ್ತಾನೆ?”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಉಡುಪಿ ಕಡೆಯ ಬಂಟರ ಮನೆಯವಳು. ನಮ್ಮದು ಅಳಿಯಕಟ್ಟು. ಮನೆತನ ನಡೆಯುವುದು ಹೆಣ್ಣಿನ ಕಡೆಯಿಂದ. ಹಿಂದಿನ ಕಾಲದಲ್ಲಿ ಗಂಡಸು ಮದುವೆಯಾಗಿ ಎಲ್ಲೇ ಸಂಸಾರ ಹೂಡಿದ್ದರೂ ಅವನ ಮನೆಯೆಂದರೆ ತಾಯಿಯ ಮನೆ, ತಾಯಿಯ ನಂತರ ಅಕ್ಕತಂಗಿಯರ ಮನೆ. ನನ್ನ ಅಮ್ಮನ ಅಣ್ಣ, ನಾವು ದೊಡ್ಡಮಾವ ಎನ್ನುತ್ತಿದ್ದವರು, ಕಾಯಿಲೆ ಬಿದ್ದಾಗ ಸೀದಾ ನಮ್ಮ ಮನೆಗೆ ಬಂದು ಮಲಗಿದರು. ಅವರ ಹೆಂಡತಿ ದಿನಾ ಬಂದು ಪಕ್ಕದಲ್ಲಿ ಕೂತು ಗಂಜಿ ಕುಡಿಸಿ ಹೋಗುತ್ತಿದ್ದರು. ಕೊನೆಯುಸಿರು ನಮ್ಮಲ್ಲೇ, ಉತ್ತರಕ್ರಿಯೆಯೂ ನಮ್ಮ ಅಂಗಳದಲ್ಲೇ. ದೊಡ್ಡಮಾವ ಹೆಂಡತಿಯನ್ನು ಬಿಟ್ಟು ಓಡಿಹೋದರೆಂದು ಯಾವ ನರಪಿಳ್ಳೆಯೂ ಅನ್ನಲಿಲ್ಲ. ಹಾಗಾಗಿ ನನಗೆ ಅದು ಯೋಚಿಸಿ ಆಡಿದ ಮಾತೇ ಅಲ್ಲ.

ಮಾರ್ಥಾ ಮಾತ್ರ ಕಾರಿನ ಡ್ಯಾಶ್‌ಬೋರ್ಡಿಗೆ ಪಟಾರನೆ ಕೈಬಡಿದರು. “ಇಷ್ಟು ವರ್ಷವೂ ಯಾವ ಹೆಂಗಸಿನ ಜೊತೆ ಓಡಿಹೋದ ಅಂತಲೇ ಹುಡುಕಿದೆವು. ತಂಗಿಯೂ ಹೆಂಗಸೇ ಅಂತ ಯಾರಿಗೂ ಹೊಳೆಯಲಿಲ್ಲವಲ್ಲ!”

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. “ನಿನ್ನ ಮಾವ ಹೋದರು ಅಂತ ಲೋಕದ ಮಾವಂದಿರೆಲ್ಲ ತಂಗಿ ಮನೆಗೆ ಹೋಗ್ತಾರಾ? ಅವರು ಸ್ಕಾಟ್ಲೆಂಡಿನವರು ಮಾರಾಯ್ತಿ, ಸ್ಕಾಟ್ಲೆಂಡಿನವರು! ಪಾಪ, ಆ ಮುದುಕಿಗೆ ಇಲ್ಲದ ಆಸೆ ಹುಟ್ಟಿಸಿ ಬಂದಿದ್ದೀಯಲ್ಲ.”

ಆಗ ನನಗೆ ಮೊದಲ ಸಲ ಹೆದರಿಕೆಯಾಯಿತು. ಮಾರ್ಥಾ ಅಷ್ಟರಲ್ಲಿ ಫೋನ್ ಹಿಡಿದುಕೊಂಡು ಕೂತಾಗಿತ್ತು. ಹೆರಾಲ್ಡ್‌ಗೆ ಹೇಳಿದರೆ ಅವರು ಸೊಪ್ಪು ಹಾಕಲಿಲ್ಲ. ಹೆಂಗಸರನ್ನು ಹುಡುಕುವುದು ಕಷ್ಟ, ಮದುವೆಯಾದ ಕೂಡಲೇ ಹೆಸರು ಮಾಯವಾಗುತ್ತದೆ ಎಂದರಂತೆ. ಮಾರ್ಥಾ ಅದನ್ನು ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದಾಗ ನನಗೆ ರೇಗಿತು.

“ನನ್ನ ಹೆಸರು ಮಾಯವಾಗಿದೆಯಾ? ನನ್ನ ಗಂಡ ಹೆಗ್ಡೆ, ನಾನು ಶೆಟ್ಟಿ. ಹೆಂಗಸು ಯಾಕೆ ಹೆಸರು ಬದಲಾಯಿಸಬೇಕು?” ಎಂದೆ. ಇದೇ ವಿಷಯಕ್ಕೆ ಬ್ಯಾಂಕಿನಲ್ಲಿ ಒಬ್ಬಳು ‘ನಿಮಗೆ ನಿಜವಾಗಿ ಮದುವೆಯಾಗಿದೆಯಾ’ ಎಂದು ಕೇಳಿದ ಸಿಟ್ಟು ಇನ್ನೂ ಇತ್ತು.

ಮಾರ್ಥಾ ಕಾಫಿ ಲೋಟ ಕೆಳಗಿಟ್ಟರು. ಕ್ಯಾಥರೀನಳ ಸಮಾಧಿಯ ಕಲ್ಲಿನ ಮೇಲೂ ಅವಳ ತವರಿನ ಹೆಸರೇ ಇತ್ತು. ಗಂಡನ ಮೇಲಿನ ಸಿಟ್ಟಿಗೆ ಅವನ ಹೆಸರನ್ನು ಕಿತ್ತುಹಾಕಿ ತವರಿನ ಹೆಸರು ಹಾಕಿಸಿಕೊಂಡಳೆಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಮಾರ್ಥಾ ಅಲ್ಲಿಂದಲೇ ಹೆರಾಲ್ಡ್‌ಗೆ ಫೋನ್ ಮಾಡಿ, ಚರ್ಚಿನಲ್ಲಿ ಬೇರೆ ಹಳೆಯ ಹೆಂಗಸರ ಕಲ್ಲುಗಳನ್ನು ನೋಡಿ ಬಾ ಎಂದರು. ಅವರು ಗೊಣಗುತ್ತ ಹೋಗಿ ನೋಡಿದರು. ಎಲ್ಲ ಕಲ್ಲಿನ ಮೇಲೂ ತವರಿನ ಹೆಸರೇ. ಗಂಡನ ಜೊತೆ ಸುಖವಾಗಿ ಬಾಳಿ ಸತ್ತವರದ್ದೂ ಹಾಗೆಯೇ. ಹಳೇ ಸ್ಕಾಟ್ಲೆಂಡಿನ ಪದ್ಧತಿಯೇ ಅದಂತೆ. ಹೆರಾಲ್ಡ್ ಎಲ್ಲೋ ಓದಿ ಮರೆತಿದ್ದರಂತೆ, ಕ್ಯಾಥರೀನಳ ವಿಷಯದಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಅಲ್ಲಿಗೆ ಅವಳ ಸಿಟ್ಟಿನ ಕತೆ ಅರ್ಧ ಬಿದ್ದುಹೋಯಿತು.

ಹಾಗಾದರೆ ಫ್ಲೋರಾಳ ಕಲ್ಲಿನ ಮೇಲೂ ಅವಳ ಅಣ್ಣನ ಮನೆತನದ ಹೆಸರೇ ಇರಬೇಕು. ಮಾರ್ಥಾ ನದಿಯ ಆಚೀಚೆ ಇರುವ ಊರುಗಳ ಲೈಬ್ರರಿಗಳಿಗೆಲ್ಲ ಫೋನ್ ಮಾಡಿದರು. ಆ ಕಡೆ ಒಂದು ಒಳ್ಳೆಯ ಅಭ್ಯಾಸವಿದೆ. ಊರಿನ ಉತ್ಸಾಹಿಗಳು ಸ್ಮಶಾನಗಳಲ್ಲಿ ಓಡಾಡಿ ಕಲ್ಲುಗಳ ಮೇಲಿನ ಬರಹವನ್ನು ಬರೆದು ಪುಸ್ತಕ ಮಾಡಿಡುತ್ತಾರೆ. ಚಳಿಗಾಲ ಹೋಯಿತು, ಬೇಸಿಗೆಯೂ ಮುಗಿಯುತ್ತ ಬಂತು. ಒಂದು ದಿನ ಮಾರ್ಥಾ ಚಪ್ಪಲಿಯನ್ನೂ ಹಾಕದೆ ನಮ್ಮ ಹುಲ್ಲುಹಾಸಿನ ಮೇಲೆ ಓಡಿಬಂದರು.

“ಶಶಿ, ಸಿಕ್ಕಿದಳು!”

ಅವರ ಊರಿನಿಂದ ಎರಡು ಕೌಂಟಿ, ಅಂದರೆ ಎರಡು ಜಿಲ್ಲೆ ಆಚೆ, ಬೇರೆ ಮನೆತನದವರ ಒಂದು ಖಾಸಗಿ ಸ್ಮಶಾನ. ಅಷ್ಟೂ ಕಲ್ಲುಗಳ ನಡುವೆ ಡಂಕನ್‌ನ ಮನೆತನದ ಹೆಸರಿನ ಫ್ಲೋರಾ ಒಬ್ಬಳೇ. ಅವಳ ಪಕ್ಕದಲ್ಲಿ ಒಂದು ಕಲ್ಲು ಬೋರಲು ಬಿದ್ದಿದೆ, ಓದಲಾಗಲಿಲ್ಲ ಎಂದು ಪುಸ್ತಕದಲ್ಲಿ ಬರೆದಿತ್ತಂತೆ. ಅದನ್ನು ಕೇಳಿ ಹೆರಾಲ್ಡ್ ಹೇಳಿದ್ದು ಇಷ್ಟೇ: “ಬೋರಲು ಬಿದ್ದ ಕಲ್ಲು ಯಾರದ್ದೂ ಆಗಿರಬಹುದು. ಕಣ್ಣಾರೆ ನೋಡದೆ ನಾನು ಗಂಟೆ ಬಾರಿಸಲ್ಲ, ಮಾರ್ಥಾ.”

ಇತ್ತ ಮಾರ್ಥಾ ಅವರ ಮಗ ಅಮ್ಮ ಒಬ್ಬರೇ ಇರುವುದು ಬೇಡವೆಂದು ಕ್ರಿಸ್‌ಮಸ್ ಕಳೆದ ಮೇಲೆ ತಾನಿರುವ ಸಿಯಾಟಲ್‌ಗೆ ಕರೆಸಿಕೊಳ್ಳಲು ತೀರ್ಮಾನಿಸಿದ್ದ. ಅಷ್ಟು ದೂರದಿಂದ ಮುಂದಿನ ವರ್ಷ ಬರುವುದು ಕನಸಿನ ಮಾತು. ಅಂದರೆ ಅವರು ಹೆಸರು ಓದುವುದು ಅದೇ ಕೊನೆಯ ಸಲ.

ಹಾಗಾಗಿ ಭಾನುವಾರದ ಕೂಟಕ್ಕೆ ನಾನು, ಗಂಡ, ಮಾರ್ಥಾ ಶನಿವಾರ ನಸುಕಿನಲ್ಲೇ ಹೊರಟೆವು. ಮಗಳು ನಿಧಿಯನ್ನು ಅವಳ ಗೆಳತಿಯ ಮನೆಯಲ್ಲಿ ಬಿಟ್ಟೆವು. “ಅಮ್ಮಾ, ಪ್ಲೀಸ್, ಮಾರ್ಥಾ ಅಜ್ಜಿಗೆ ಅಳು ಮಾಡ್‌ಬೇಡ, ಓಕೆ?” ಎಂದಳು ಇಳಿಯುವಾಗ. ಹತ್ತು ವರ್ಷದ ಮಗುವಿಗೂ ನನ್ನ ಬಾಯಿಯ ಭಯ!

ದಾರಿಯುದ್ದಕ್ಕೂ ಮಾರ್ಥಾ ಹಿಂದಿನ ಸೀಟಿನಲ್ಲಿ ಗೆಲುವಾಗಿದ್ದರು. ಕೊಲಂಬಿಯಾ ನಗರ ದಾಟಿ ಬುತ್ತಿ ಬಿಚ್ಚಿದರೆ ನನಗೆ ಮಾತ್ರ ಒಂದು ತುತ್ತು ಮೊಸರನ್ನ ಇಳಿಯಲಿಲ್ಲ. ಅವನು ಅಲ್ಲಿ ಇಲ್ಲದಿದ್ದರೆ? ಅದಕ್ಕಿಂತ ಕೆಟ್ಟ ಯೋಚನೆ ಇನ್ನೊಂದಿತ್ತು. ಅವನು ಅಲ್ಲೇ ಇದ್ದು, ಪಕ್ಕದಲ್ಲಿ ಇನ್ನೊಬ್ಬಳು ಹೆಂಡತಿ ಇದ್ದರೆ? ಆಗ ಡಂಕನ್‌ನ ಜೊತೆ ಜಿಮ್ಮಿಯ ಹೆಸರನ್ನೂ ಶಾಶ್ವತವಾಗಿ ಹೂತುಹಾಕಿದ ಪುಣ್ಯ ನನ್ನದೇ.

“ಎಂತ, ಮಾತೇ ಇಲ್ಲ ಇವತ್ತು?” ಎಂದು ಕೆಣಕಿದರು ಗಂಡ.

“ಸುಮ್ಮನೆ ರಸ್ತೆ ನೋಡಿ ಮಾರಾಯ್ರೇ” ಎಂದೆ.

ಸ್ಮಶಾನ ಒಂದು ಹತ್ತಿಯ ಹೊಲದ ಹಿಂದಿತ್ತು. ಹತ್ತಿ ಬಿಳಿಬಿಳಿಯಾಗಿ ಒಡೆದು ನಿಂತಿತ್ತು. ಹೊಲದ ಬದಿಯಲ್ಲಿ ಕಾರು ನಿಲ್ಲಿಸುತ್ತಿದ್ದ ಹಾಗೆ ಒಂದು ಪಿಕಪ್ ಟ್ರಕ್ ಬಂದು ನಮ್ಮ ಮುಂದೆ ಅಡ್ಡ ನಿಂತಿತು. ಕ್ಯಾಪ್ ಹಾಕಿದ ಮುದುಕರೊಬ್ಬರು ಇಳಿದರು. ನನ್ನನ್ನು, ನನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿ, “ದಾರಿ ತಪ್ಪಿದ್ದೀರಾ?” ಎಂದರು. ಕೇಳಿದ ರೀತಿ ಅಷ್ಟೇನೂ ಚೆನ್ನಾಗಿರಲಿಲ್ಲ.

ಮಾರ್ಥಾ ಕಾರಿನಿಂದ ಇಳಿದು ತಮ್ಮ ತಂದೆಯ ಹೆಸರು, ಊರಿನ ಹೆಸರು ಹೇಳಿದರು. ಮುದುಕರು ತಮ್ಮ ಅಜ್ಜಿಯ ಹೆಸರು ಹೇಳಿದರು. ಆಮೇಲೆ ಇಬ್ಬರೂ ಅವರು ಇವರಿಗೇನಾಗಬೇಕು, ಇವರು ಅವರಿಗೇನಾಗಬೇಕು ಎಂದು ಲೆಕ್ಕಕ್ಕಿಳಿದರು. ನಮ್ಮೂರ ಮದುವೆಮನೆಯ ಚಪ್ಪರದಲ್ಲಿ ಕೂತ ಹಾಗೇ ಆಯಿತು ನನಗೆ. ಮುದುಕರ ಹೆಸರು ಕ್ಲೈಡ್, ಅವರು ಫ್ಲೋರಾಳ ಸಂತಾನ. ಹಾಗಾದರೆ ನಾವು ನೆಂಟರೇ ಎಂದು ಕ್ಯಾಪ್ ತೆಗೆದರು. ನಮ್ಮ ಕಡೆ ತಿರುಗಿ, “ಇವರೂ ನೆಂಟರಾ?” ಎಂದು ಕೇಳಿದರು. ಈ ಸಲ ತಮಾಷೆಗೆ.

“ಇವಳೇ ದಾರಿ ತೋರಿಸಿದವಳು” ಎಂದರು ಮಾರ್ಥಾ.

ನಾನು ಕಾರಿನಿಂದ ನೀರಿನ ಬಾಟಲಿ ತೆಗೆದುಕೊಂಡು ಅವರ ಹಿಂದೆ ನಡೆದೆ.

ಪೈನ್ ಮರಗಳ ಕೆಳಗೆ ಹತ್ತಿಪ್ಪತ್ತು ಕಲ್ಲುಗಳು. ಫ್ಲೋರಾಳ ಕಲ್ಲು ನೆಟ್ಟಗೆ ನಿಂತಿತ್ತು. ಅವಳ ಗಂಡನ ಕಲ್ಲು ಒಂದು ಪಕ್ಕ. ಇನ್ನೊಂದು ಪಕ್ಕ, ಪೈನ್ ಎಲೆಗಳಡಿ ಅರ್ಧ ಹೂತು, ಬೋರಲು ಬಿದ್ದಿದ್ದ ಚಪ್ಪಡಿ. ಕ್ಲೈಡ್ ಅವರ ತಂದೆ ಚಿಕ್ಕವರಿದ್ದಾಗ ಬಿರುಗಾಳಿಗೆ ಮರ ಬಿದ್ದು ಕಲ್ಲು ಮಗುಚಿತ್ತಂತೆ. ಎತ್ತಲು ಹೋದರೆ ಒಡೆದೀತೆಂದು ಹಾಗೇ ಬಿಟ್ಟಿದ್ದರಂತೆ.

“ಎತ್ತೋಣ” ಎಂದರು ಮಾರ್ಥಾ. “ಒಡೆದರೆ ನನ್ನ ತಲೆಯ ಮೇಲಿರಲಿ.”

ಕ್ಲೈಡ್ ಟ್ರಕ್ಕಿನಿಂದ ಎರಡು ಹಾರೆ, ಮರದ ಹಲಗೆ ತಂದರು. ಅವರು ಒಂದು ಕಡೆ, ನನ್ನ ಗಂಡ ಇನ್ನೊಂದು ಕಡೆ ಮೀಟಿದರು. ಲ್ಯಾಬಿನಲ್ಲಿ ಗಾಜಿನ ಕೊಳವೆ ಎತ್ತುವ ಮನುಷ್ಯ, ಬೆವರಿಳಿಸಿಕೊಂಡು “ನಿನ್ನ ಬಾಯಿಂದ ನಾನು ಇಲ್ಲಿ ಕಲ್ಲು ಹೊರಬೇಕಾಯ್ತು” ಎಂದು ನನಗೆ ಮಾತ್ರ ಕೇಳುವ ಹಾಗೆ ತುಳುವಿನಲ್ಲಿ ಬೈದರು. ಕಲ್ಲು ನಿಧಾನಕ್ಕೆ ಮೇಲೆದ್ದು ಹಲಗೆಗೆ ಒರಗಿತು. ಒಡೆಯಲಿಲ್ಲ. ಆದರೆ ಮುಖದ ತುಂಬ ಮಣ್ಣು ಮೆತ್ತಿಕೊಂಡಿತ್ತು.

ಮಾರ್ಥಾ ಅವರ ಕಣ್ಣಿಗೆ ಅಕ್ಷರ ಕಾಣುತ್ತಿರಲಿಲ್ಲ. “ಶಶಿ, ನೀನು ಓದು” ಎಂದರು.

ನಾನು ಮಂಡಿಯೂರಿ ಕೂತೆ. ಕುಡಿಯುವ ನೀರಿನ ಬಾಟಲಿ ಸುರಿದು ನನ್ನ ದುಪಟ್ಟಾದಿಂದ ಒರೆಸಿದೆ. ಮೊದಲು ಕಂಡಿದ್ದೇ ಹೆಸರು: ಡಂಕನ್. ಮುಂದೆ ಫ್ಲೋರಾಳ ಕಲ್ಲಿನ ಮೇಲಿದ್ದ ಮನೆತನದ ಹೆಸರೇ. ಮಾರ್ಥಾ ಹಿಂದಿನಿಂದ ನನ್ನ ಭುಜ ಹಿಡಿದುಕೊಂಡರು. ಇನ್ನೊಂದಿಷ್ಟು ನೀರು ಸುರಿದೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು. ಆಮೇಲಿನ ಸಾಲು: ‘ಇಂಥವಳ ಗಂಡ’. ಗಂಡ ಎಂಬ ಪದ ಸ್ಪಷ್ಟವಾಗಿತ್ತು, ಹೆಂಡತಿಯ ಹೆಸರಿನ ಮೇಲೆ ಮಾತ್ರ ಮಣ್ಣು ಗಟ್ಟಿಯಾಗಿ ಕಚ್ಚಿಕೊಂಡಿತ್ತು.

ಯಾರ ಗಂಡ? ದೇವರೇ, ಯಾರ ಗಂಡ? ದುಪಟ್ಟಾ ಬಿಸಾಕಿ ಬೆರಳಿನಿಂದಲೇ ಕೆರೆದೆ. ಉಗುರು ಮುರಿಯಿತು. ನಮ್ಮೂರು ಕುತ್ಯಾರಿನ ಮನೆಯ ದೈವದಿಂದ ಹಿಡಿದು ಅಮೆರಿಕದ ಲ್ಯಾನ್‌ಹ್ಯಾಮ್ ದೇವಸ್ಥಾನದ ಶಿವ, ವಿಷ್ಣುವಿನ ತನಕ ನೆನಪಾದವರಿಗೆಲ್ಲ ಹರಕೆ ಹೇಳಿಕೊಂಡೆ. ಮೊದಲ ಅಕ್ಷರ ಬಿಟ್ಟಿತು, ಸಿ. ಆಮೇಲೆ ಎ. ಆಮೇಲೆ ಟಿ.

“ಕ್ಯಾಥರೀನ್!” ಎಂದು ಕಿರುಚಿಬಿಟ್ಟೆ. “ಮಾರ್ಥಾ, ಕ್ಯಾಥರೀನ್! ನಿಮ್ಮ ಕ್ಯಾಥರೀನೇ!”

ಮಿಕ್ಕಿದ್ದನ್ನು ಒಂದೇ ಉಸಿರಿಗೆ ಓದಿದೆ. ಕ್ಯಾಥರೀನಳ ಗಂಡ, ಏಳು ಮಕ್ಕಳ ತಂದೆ, ಮನೆಗೆ ಮರಳುವ ದಾರಿಯಲ್ಲಿ ಜ್ವರದಿಂದ ತೀರಿಕೊಂಡವನು, ತಂಗಿ ಫ್ಲೋರಾ ಈ ಕಲ್ಲು ನಿಲ್ಲಿಸಿದ್ದಾಳೆ. ಅಷ್ಟೇ ಇತ್ತು.

“ಇನ್ನೊಂದು ಸಲ ಓದು” ಎಂದರು ಮಾರ್ಥಾ. ಓದಿದೆ. “ಮನೆಗೆ ಮರಳುವ ದಾರಿಯಲ್ಲಿ ಅಂತ ನಿಜವಾಗಿ ಇದೆಯಾ? ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?” ಎಂದರು. ನಾನು ಅವರ ಬೆರಳು ಹಿಡಿದು ಆ ಸಾಲಿನ ಒಂದೊಂದು ಅಕ್ಷರದ ಮೇಲೂ ಎಳೆದೆ. ಅವರು ಅಲ್ಲೇ ಪೈನ್ ಎಲೆಗಳ ಮೇಲೆ ಕೂತು ಮಗುವಿನ ಹಾಗೆ ಅತ್ತರು. ನಿಧಿ ಬೇಡವೆಂದದ್ದೇ ಆಯಿತು. ನಾನೂ ಅತ್ತೆ. ಹೋದ ಜೀವ ಬಂದ ಹಾಗಾಗಿತ್ತು ನನಗೆ. ಆಮೇಲೆ ಇದ್ದಕ್ಕಿದ್ದ ಹಾಗೆ ಎಂಥ ಹಸಿವಾಯಿತೆಂದರೆ, ಕಾರಿನಲ್ಲಿದ್ದ ಮೊಸರನ್ನದ ಡಬ್ಬಿ ತಂದು ಆ ಸ್ಮಶಾನದ ಬೇಲಿಯ ಹೊರಗೆ ನಿಂತು ಪೂರ್ತಿ ತಿಂದೆ.

ಸುದ್ದಿ ಕ್ಯಾಥರೀನಳಿಗೆ ಯಾಕೆ ಮುಟ್ಟಲಿಲ್ಲ? ಮುಟ್ಟಿಯೂ ಅವಳು ಸುಮ್ಮನಿದ್ದಳಾ? ನಡುವೆ ನದಿ, ಆಗಿನ ಕಾಲಕ್ಕೆ ದಿನಗಟ್ಟಲೆಯ ದಾರಿ. ಕಳಿಸಿದ ಸುದ್ದಿ ಎಲ್ಲೋ ತಪ್ಪಿಹೋಗಿರಬಹುದು. ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಕ್ಲೈಡ್ ಅವರ ಮನೆಯವರಿಗೆ ಅವನು ‘ಅಜ್ಜಿಯ ಅಣ್ಣ’ ಎಂದಷ್ಟೇ ಗೊತ್ತಿತ್ತಂತೆ. ಇಷ್ಟು ವರ್ಷವೂ ಆ ಜಾಗದ ಹುಲ್ಲು ಕತ್ತರಿಸುತ್ತ ಬಂದವರು ಅವರೇ.

ಮರುದಿನ ಭಾನುವಾರ. ಅದೇ ಅಂಗಳ, ಅದೇ ಟೇಬಲ್. ನನ್ನ ಗಂಡ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಫೋಟೋವನ್ನು ಹೆರಾಲ್ಡ್‌ಗೆ ತೋರಿಸಿದರು. ಆ ಚಿಕ್ಕ ಪರದೆಯ ಮೇಲೆ ಅವರು ಕನ್ನಡಕ ಏರಿಸಿ ಇಳಿಸಿ ತುಂಬ ಹೊತ್ತು ನೋಡಿದರು. ನಾನು ಏನಾದರೂ ಅಂದುಬಿಟ್ಟೇನೆಂದು ಗಂಡ ನನ್ನ ಕೈ ಒತ್ತಿ ಹಿಡಿದಿದ್ದರು. ಕೊನೆಗೆ ಹೆರಾಲ್ಡ್ ಕ್ಯಾಮೆರಾ ವಾಪಸು ಕೊಟ್ಟು, “ನಾನು ಬೇರೆ ಕಡೆಯೇ ಹುಡುಕುತ್ತಿದ್ದೆ” ಎಂದರು. ಗಂಟೆ ಕೈಗೆತ್ತಿಕೊಂಡರು.

ಮಾರ್ಥಾ ನಿಂತರು. ಈ ಸಲ ಸುಮ್ಮನಿರಲಿಲ್ಲ. “ಡಂಕನ್” ಎಂದರು. ಧ್ವನಿ ಅಷ್ಟು ಗಟ್ಟಿಯಾಗಿ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಹೆರಾಲ್ಡ್ ಗಂಟೆ ಬಾರಿಸಿದರು. ಯಾರೋ ಮುದುಕಿ ಜೋರಾಗಿ ಬಿಕ್ಕಿದರು. “ಕ್ಯಾಥರೀನ್.” ಮತ್ತೆ ಗಂಟೆ.

ಹೆಸರುಗಳು ಒಂದೊಂದಾಗಿ ಮುಂದುವರಿದು ಮಾರ್ಥಾ ಅವರ ತಂದೆಯ ಹೆಸರಿಗೆ ಬಂದವು. ಗಂಟೆ ಹೊಡೆಯಿತು. ತಾಯಿ, ಮತ್ತೆ ಗಂಟೆ. ಆಮೇಲೆ ಅವರು ದಪ್ಪ ಅಕ್ಷರದಲ್ಲಿ ಬರೆಸಿಕೊಂಡಿದ್ದ ಕಾಗದವನ್ನು ಮಡಿಸಿದರು. ಮುಂದಿನ ಹೆಸರಿಗೆ ಕಾಗದ ಬೇಕಿರಲಿಲ್ಲ.

“ಜೇಮ್ಸ್” ಎಂದರು. “ನಮ್ಮ ಜಿಮ್ಮಿ.”

ಗಂಟೆ ಹೊಡೆಯಲಿಲ್ಲ.

ಜಿಮ್ಮಿ ಜಗಳವಾಡಿ ಹೋದವನೇ. ಅವನಿಗೆ ಯಾವ ಕಲ್ಲಿನ ಸಾಕ್ಷಿಯೂ ಇರಲಿಲ್ಲ. ಹೆರಾಲ್ಡ್ ಗಂಟೆ ಹಿಡಿದು ಹಾಗೇ ನಿಂತಿದ್ದರು. ಮಾರ್ಥಾ ಅವರ ಕಡೆ ತಿರುಗಿ ಬೇಡಿಕೊಳ್ಳಲಿಲ್ಲ, ಸಿಟ್ಟೂ ಮಾಡಲಿಲ್ಲ. “ಅವನೂ ಮನೆಗೆ ಬರುವ ದಾರಿಯಲ್ಲೇ ಇದ್ದ, ಹೆರಾಲ್ಡ್. ದಾರಿ ಸ್ವಲ್ಪ ದೂರವಾಯಿತು, ಅಷ್ಟೇ” ಎಂದರು.

ಹೆರಾಲ್ಡ್ ತಲೆ ತಗ್ಗಿಸಿದರು. ಆಮೇಲೆ ಗಂಟೆ ಹೊಡೆಯಿತು. ಒಂದೇ ಸಲ ಹೊಡೆಯಬೇಕಾದದ್ದು ಎರಡು ಸಲ ಹೊಡೆಯಿತು.

ಮಾರ್ಥಾ ಸಿಯಾಟಲ್‌ಗೆ ಹೋಗಿ ಅಲ್ಲೇ ತೀರಿಕೊಂಡರು. ಆ ವರ್ಷದ ಅಕ್ಟೋಬರ್‌ನಲ್ಲಿ ಹೆರಾಲ್ಡ್ ನನಗೆ ಫೋನ್ ಮಾಡಿ, “ನೀವಿಬ್ಬರೂ ಬನ್ನಿ, ನಿಮ್ಮ ಜಾಗ ಇಟ್ಟಿದ್ದೇವೆ” ಎಂದರು. ಹೋದೆವು. ಮಾರ್ಥಾ ಅವರ ಹೆಸರಿಗೆ ಗಂಟೆ ಬಾರಿಸಿದ್ದನ್ನು ಕಿವಿಯಾರೆ ಕೇಳಿದೆ. ಅಳು ಬಂತು, ಆದರೆ ಅದಕ್ಕಿಂತ ಹೆಚ್ಚಾಗಿ ಮನಸ್ಸು ಹಗುರವಾಯಿತು, ಯಾಕೆಂದರೆ ಅವರ ಹೆಸರಿಗೆ ಒಂದೇ ಗಳಿಗೆ ಮೊದಲು ಓದಿದ ಹೆಸರು ಜಿಮ್ಮಿಯದಾಗಿತ್ತು.

ಈಗಲೂ ನಾನು ಅಗೆಲಿಗೆ ಎಲೆ ಹಾಕುವಾಗ ದೊಡ್ಡಮಾವನ ಎಲೆಯ ಪಕ್ಕ ಒಂದು ಎಲೆ ಹೆಚ್ಚಿಗೆ ಹಾಕುತ್ತೇನೆ. “ಇದು ಯಾರಿಗೆ, ಆ ಸ್ಕಾಟ್ಲೆಂಡಿನ ಮಾವನಿಗಾ?” ಎಂದು ಗಂಡ ಪ್ರತಿ ಸಲ ಕೇಳುತ್ತಾರೆ. ಹೌದು ಎನ್ನುತ್ತೇನೆ. ಆ ಎಲೆಗೆ ಚಕ್ಕುಲಿಯನ್ನು ಮಾತ್ರ ಮಾರ್ಥಾ ಅವರನ್ನು ನೆನೆದು ಇಡುತ್ತೇನೆ.